ಅತ್ತೆಯ ಬಟನ್ ಫೋನಿನಲ್ಲಿ 38 ಚಲನ್

2024ರ ದೀಪಾವಳಿಗೆ ಎರಡು ದಿನ ಇತ್ತು. ಜಿಎಸ್‌ಟಿ ಬಿಲ್ಲುಗಳನ್ನು ತರಲು ಮುಂಬೈಯ ಮಾಟುಂಗಾದಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಅತ್ತೆ ಫ್ರಿಜ್ ಮೇಲಿಟ್ಟಿದ್ದ ಬಟನ್ ಫೋನ್ ತಂದು ಕೈಗಿಟ್ಟರು. "ಗ್ಯಾಸ್ ಬುಕ್ ಮಾಡಿದ್ರೆ ಮೆಸೇಜೇ ಬರುದಿಲ್ಲ ಮಾರಾಯ. ಎಂತ ಆಗಿದೆ ನೋಡು."

ಏನೂ ಆಗಿರಲಿಲ್ಲ. ಇನ್‌ಬಾಕ್ಸ್ ತುಂಬಿತ್ತು, ಅಷ್ಟೆ. ಸಾಲದ ಆಫರ್, ಸೀರೆ ಅಂಗಡಿಯ ಆಫರ್, ಒಂದೊಂದಾಗಿ ಅಳಿಸುತ್ತಾ ಕೂತೆ. ನಡುನಡುವೆ ಒಂದೇ ತರದ ಮೆಸೇಜು ಸಿಗತೊಡಗಿತು. ಗಾಡಿ ನಂಬರು, ಇಷ್ಟು ರೂಪಾಯಿ, ಕೊನೆಗೊಂದು ಲಿಂಕು. ಆ ಫೋನಿನಲ್ಲಿ ಲಿಂಕು ತೆರೆಯುವುದಿಲ್ಲ. ಎಣಿಸಿದೆ. 29. ಎಲ್ಲವೂ ಟ್ರಾಫಿಕ್ ದಂಡದ ಚಲನ್. "ಕಂಪನಿಯವರದ್ದು ಅಂತ ಬಿಟ್ಟಿದ್ದೆ" ಅಂದರು ಅತ್ತೆ.

ಮಾವ ಗ್ರೈಂಡರ್ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಅಷ್ಟರಲ್ಲಿ ನಾನು ನನ್ನ ಫೋನಿನಲ್ಲಿ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಮಹಾಟ್ರಾಫಿಕ್ ಆ್ಯಪ್ ತೆರೆದು ಮಾವನ ಗಾಡಿಗಳನ್ನು ಒಂದೊಂದಾಗಿ ಹಾಕಿ ನೋಡಿದ್ದೆ. ಮೆಸೇಜು ಇದ್ದದ್ದು 29ಕ್ಕೆ. ಆ್ಯಪಿನಲ್ಲಿ ಇದ್ದದ್ದು 38. ಒಟ್ಟು 32,500 ರೂಪಾಯಿ.

"ನನ್ನನ್ನು ಒಂದು ಸಲವೂ ಯಾರೂ ಹಿಡಿಯಲಿಲ್ಲವಲ್ಲ!" ಅಂದರು ಮಾವ. ಅದು ನಿಜ. ಅವರು ಸ್ಕೂಟರ್ ಓಡಿಸುವುದು ಬಿಟ್ಟೇ ಹತ್ತು ವರ್ಷ ಆಯಿತು.

ಮುಂದಿನ ಕೆಲವು ತಿಂಗಳು ಈ 38ರ ಹಿಂದೆ ನಾನೂ ಅಲೆದೆ. ನಾನು ವಕೀಲನಲ್ಲ, ಲೆಕ್ಕ ಬರೆಯುವವನು. ಹಾಗಾಗಿ ಪ್ರತಿ ಚಲನನ್ನೂ ಒಂದು ವೋಚರ್ ತರ ನೋಡಿದೆ. ಯಾವ ದಿನ, ಯಾವ ಹೊತ್ತು, ಎಲ್ಲಿ, ಯಾರ ಕೈಯಿಂದ? ದಂಡ ಯಾಕೆ ವಸೂಲಾಗುವುದಿಲ್ಲ ಅನ್ನುವ ಪ್ರಶ್ನೆಗೆ ಪೇಪರಿನಲ್ಲಿ ಓದಿದ್ದಕ್ಕಿಂತ ಜಾಸ್ತಿ ಉತ್ತರ ಅಲ್ಲಿ ಸಿಕ್ಕಿತು.

ಮೂರು ಸ್ಕೂಟರ್, ಒಂದು ಹೆಸರು

ಮಾವ ಕಾರ್ಕಳದ ಕಡೆಯವರು. ಮಾಟುಂಗಾ ಪೂರ್ವದಲ್ಲಿ ಒಂದು ಅಡುಗೆಮನೆ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಇಡ್ಲಿ ಹಿಟ್ಟು, ಮಧ್ಯಾಹ್ನ ಆಫೀಸುಗಳಿಗೆ ಊಟದ ಡಬ್ಬಿ. ಊರ ಕಡೆಯ ನಾಲ್ಕು ಹುಡುಗರು ಕೆಲಸಕ್ಕಿದ್ದಾರೆ. ಬೂದು ಬಣ್ಣದ್ದೊಂದು, ಬಿಳಿಯದೊಂದು, ಹೀಗೆ ಎರಡು ಸ್ಕೂಟರ್. ಯಾವ ಹುಡುಗ ಯಾವುದನ್ನು ತೆಗೆದುಕೊಂಡು ಹೋಗುತ್ತಾನೆ ಅನ್ನುವುದಕ್ಕೆ ನಿಯಮ ಇಲ್ಲ. ಬೀಗದ ಕೈ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ, ಯಾರಿಗೆ ಬೇಕೋ ಅವರು ತೆಗೆದುಕೊಳ್ಳುವುದು.

ಮೂರನೆಯದು ಕೆಂಪು. ಅದನ್ನು 2021ರ ಫೆಬ್ರವರಿಯಲ್ಲೇ ಮಾರಿದ್ದರು. ಕೊರೊನಾ ಕಾಲ. ಆಫೀಸುಗಳು ಮುಚ್ಚಿ ಡಬ್ಬಿ ವ್ಯಾಪಾರ ನೆಲ ಕಚ್ಚಿತ್ತು. ಕುರ್ಲಾ ಕಡೆಯ ಒಬ್ಬ ಹಳೆ ಗಾಡಿ ವ್ಯಾಪಾರಿ ಬಂದು, ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡುವ 29 ಮತ್ತು 30ನೇ ನಮೂನೆಗೆ ಸಹಿ ಹಾಕಿಸಿಕೊಂಡು, ಹಣ ಕೊಟ್ಟು ಗಾಡಿ ಒಯ್ದ. ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. "ಗಿರಾಕಿ ಸಿಕ್ಕ ಮೇಲೆ ತುಂಬಿಸ್ತೇನೆ" ಅಂದಿದ್ದನಂತೆ. ಮಾವ ತಲೆಯಾಡಿಸಿದರು. ನಾವೆಲ್ಲ ಹೀಗೇ ಮಾರುವುದು, ಅಲ್ವಾ?

ಈಗ ಲೆಕ್ಕ. ಬೂದು ಸ್ಕೂಟರಿಗೆ 14 ಚಲನ್, 10,000 ರೂಪಾಯಿ. ಬಿಳಿಗೆ 9, ಅಂದರೆ 4,500. ಮಾರಿ ಮೂರೂವರೆ ವರ್ಷ ದಾಟಿದ ಕೆಂಪಿಗೆ 15, ಅದು 18,000. ಅತಿ ಜಾಸ್ತಿ ದಂಡ ಬಿದ್ದದ್ದು ಮನೆಯಲ್ಲಿ ಇಲ್ಲದ ಗಾಡಿಗೆ.

ಇದು ಯಂತ್ರದ ತಪ್ಪಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಕ್ಯಾಮೆರಾ ನೋಡುವುದು ನಂಬರನ್ನು. ನಂಬರು ಹೇಳುವುದು ಹೆಸರನ್ನು. ಗಾಡಿಯ ಮೇಲೆ ಕೂತವನು ಯಾರು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಮಧ್ಯಾಹ್ನ 12:40ರ ಚಲನ್

ಮೊದಲು ಬೂದು ಸ್ಕೂಟರಿನದ್ದು ಹೇಳುತ್ತೇನೆ. ನನಗೆ ಹೆಚ್ಚು ಪಾಠ ಕಲಿಸಿದ್ದು ಅದೇ.

14ರಲ್ಲಿ ನಾಲ್ಕು ಹೆಲ್ಮೆಟ್ಟಿನದ್ದು, ಎರಡು ಸಿಗ್ನಲ್ಲಿನದ್ದು, ಉಳಿದ ಎಂಟು ನೋ ಪಾರ್ಕಿಂಗ್. ಆ ಎಂಟರ ಫೋಟೊ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದೇ ಫೋಟೊ ಎಂಟು ಸಲ ತೆಗೆದ ಹಾಗಿತ್ತು. ದಾದರ್‌ನ ಅದೇ ಆಫೀಸ್ ಕಟ್ಟಡ, ಅದೇ ಹಸಿರು ಗೇಟು, ಅದೇ ಕಂಬ. ಸೀಟಿನ ಹಿಂದೆ ಕಟ್ಟಿದ ನಮ್ಮದೇ ನೀಲಿ ಡಬ್ಬಿ ಪೆಟ್ಟಿಗೆ. ಹೊತ್ತು 12:38, 12:41, 12:40. ಒಂದು ಮಾತ್ರ 12:55, ಆ ದಿನ ಮಳೆ ಬಂದು ರಸ್ತೆ ಒದ್ದೆಯಾಗಿತ್ತು.

ಮಾವನ ಹತ್ತಿರ ಡೆಲಿವರಿ ಪುಸ್ತಕ ಇತ್ತು. ಉದ್ದ ರೂಲಿನ ಪುಸ್ತಕ, ಸಾಂಬಾರಿನ ಕಲೆ ಸಹಿತ. ತಾರೀಕು ಹಿಡಿದು ಹುಡುಕಿದರೆ ಎಂಟರಲ್ಲಿ ಏಳು ದಿನ ಒಬ್ಬನೇ ಹುಡುಗ. ಬೈಂದೂರಿನವನು, ಇಪ್ಪತ್ತೆರಡು ವರ್ಷ. ಮಾವ ಅವನನ್ನು ಕರೆದು ಫೋನ್ ಮುಂದಿಟ್ಟರು. ಅವನು ಹೆದರಲಿಲ್ಲ.

"ಅಣ್ಣ, ಅಲ್ಲಿ ಎಲ್ಲಿ ನಿಲ್ಸುದು ಹೇಳಿ. ಒಳಗೆ ಬಿಡುದಿಲ್ಲ. ದೂರ ನಿಲ್ಸಿ ನಡ್ಕೊಂಡು ಬಂದ್ರೆ ಹದಿನೈದು ನಿಮಿಷ. ಊಟ ಆರಿದ್ರೆ ನೀವೇ ಬೈತೀರಿ."

ಮಾವ ಸುಮ್ಮನಾದರು. ಸಂಬಳದಲ್ಲಿ ಹಿಡಿಯುವ ಮಾತನ್ನು ಅವರು ಬೆಳಿಗ್ಗೆ ಎತ್ತಿದ್ದರು, ಮತ್ತೆ ಎತ್ತಲಿಲ್ಲ.

ಒಂದು ವರ್ಷದಲ್ಲಿ ಆ ಗೇಟಿನ ಮುಂದೆ ಎಂಟು ಸಲ ದಂಡ ಬಿದ್ದಿದೆ. ಮಹಾರಾಷ್ಟ್ರ 2021ರ ಡಿಸೆಂಬರಿನಲ್ಲಿ ಹೊಸ ದರ ತಂದ ಮೇಲೆ ಇಂಥ ಸಣ್ಣ ತಪ್ಪಿಗೆ ಮೊದಲ ಸಲ 500, ಮತ್ತೆ ಮಾಡಿದರೆ 1,500. ನಮ್ಮ ಎಂಟರಲ್ಲಿ ಐದಕ್ಕೆ 500 ಬಿದ್ದಿತ್ತು, ಮೂರಕ್ಕೆ 1,500. ದರ ಏರಿಸಿದ್ದರ ಉದ್ದೇಶ ಏನು? ಎರಡನೇ ಸಲ ಮಾಡಬಾರದು ಅಂತ. ಆದರೆ ಎರಡನೇ ಸಲ ಮಾಡುವವನಿಗೆ ಮೊದಲನೆಯದೇ ಗೊತ್ತಿರಲಿಲ್ಲ. ಗಾಡಿಯ ಮಾಲೀಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಫ್ರಿಜ್ ಮೇಲಿದ್ದ ಫೋನಿಗೆ ಒಂದಕ್ಕೇ.

2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಅದರ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸು ಹೋಗಬೇಕಿತ್ತು. ಕ್ಯಾಮೆರಾದ ಚಲನಿನಲ್ಲಿ ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟ ಕಾಣುವ ಫೋಟೊ, ದಿನ, ಹೊತ್ತು, ಜಾಗ, ಯಾವ ಕಲಮಿನ ಉಲ್ಲಂಘನೆ, ಎಲ್ಲ ಇರಬೇಕಿತ್ತು. ಒಳ್ಳೆಯ ನಿಯಮ. ನಮ್ಮ ಮೆಸೇಜುಗಳೂ ಹೆಚ್ಚುಕಡಿಮೆ ಸಮಯಕ್ಕೇ ಬಂದಿದ್ದವು. ಮಾವ ಸ್ಕೂಟರ್ ಕೊಳ್ಳುವಾಗ ಶೋರೂಮಿನಲ್ಲಿ ಕೊಟ್ಟ ಫೋನ್ ನಂಬರು ಬೇರೆ, ಈಗ ಅವರು ಬಳಸುವ ನಂಬರು ಬೇರೆ. ಹಳೆ ಸಿಮ್ಮು ಅತ್ತೆಯ ಗ್ಯಾಸ್ ಬುಕಿಂಗಿಗೆ ಹೋಯಿತು. ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರು ಬದಲಿಸಬಹುದು, ಹತ್ತು ನಿಮಿಷದ ಕೆಲಸ. ಬದಲಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಎಷ್ಟು ಜನರ ಗಾಡಿಗೆ ಈಗಿನ ನಂಬರು ಜೋಡಿಸಿದೆಯೋ!

ಬಿಳಿ ಸ್ಕೂಟರಿನ ಒಂಬತ್ತರಲ್ಲಿ ಎಂಟು ನಮ್ಮದೇ ಹುಡುಗರದ್ದು. ಹೆಲ್ಮೆಟ್ಟು, ಸಿಗ್ನಲ್ಲು, ಹೆಚ್ಚು ಹೇಳುವಂಥದ್ದಿಲ್ಲ. ಒಂಬತ್ತನೆಯದರ ಫೋಟೊದಲ್ಲಿ ಮಾತ್ರ ಕಪ್ಪು ಮೋಟಾರ್‌ಸೈಕಲ್ ಇತ್ತು. ಪ್ಲೇಟು ಬಾಗಿ, 8 ಇದ್ದದ್ದು 3ರ ಹಾಗೆ ಕಾಣುತ್ತಿತ್ತು. ಆ್ಯಪಿನಲ್ಲೇ ತಕರಾರು ಹಾಕಿದೆ, ನೋಂದಣಿ ಪತ್ರ ಅಂದರೆ ಆರ್‌ಸಿ ಮತ್ತು ನಮ್ಮ ಸ್ಕೂಟರಿನ ಫೋಟೊ ಸೇರಿಸಿ. ಒಂದು ಸಲ ಪೊಲೀಸ್ ಚೌಕಿಗೂ ಹೋಗಿ ಬಂದೆ. ಮೂರು ವಾರದಲ್ಲಿ ರದ್ದಾಯಿತು. ಅಂದರೆ ವ್ಯವಸ್ಥೆ ಕೆಲಸ ಮಾಡುತ್ತದೆ, ಕೇಳುವವರು ಇದ್ದರೆ.

ನಮ್ಮದು ಕಣ್ತಪ್ಪು. ಬೇಕೆಂದೇ ಬೇರೆಯವರ ನಂಬರು ಹಾಕಿಕೊಂಡು ಓಡಾಡುವವರೂ ಇದ್ದಾರೆ. 2025ರ ಜನವರಿಯಲ್ಲಿ ಕೊಲಾಬಾದ ತಾಜ್ ಹೋಟೆಲ್ ಹತ್ತಿರ ಒಂದೇ ನಂಬರಿನ ಎರಡು ಎರ್ಟಿಗಾ ಕಾರು ಎದುರಾಗಿ ದೊಡ್ಡ ಗದ್ದಲ ಆಯಿತಲ್ಲ, ಅದು ಈ ಜಾತಿಯದ್ದೇ. ಹಳೆ ಗಾಡಿಗಳಿಗೂ ಸುಲಭಕ್ಕೆ ನಕಲು ಮಾಡಲಾಗದ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕಿಸಿ ಎಂದು ಮಹಾರಾಷ್ಟ್ರ ಸರ್ಕಾರ ಹೇಳಿದ್ದು ಇದಕ್ಕೂ ಉಪಯೋಗವೇ. ಆದರೆ 2025ರಲ್ಲಿ ಆ ಗಡುವನ್ನು ಎಷ್ಟು ಸಲ ಮುಂದೂಡಿದರು ಅಂದರೆ, ಕೊನೆಕೊನೆಗೆ ಗಡುವು ಅಂದರೆ ಜನ ನಗುತ್ತಿದ್ದರು.

"ಕಟ್ಟಬೇಡಿ, ಬಿದ್ದುಹೋಗುತ್ತೆ"

ಸುದ್ದಿ ಸ್ಟೇಷನ್ ಪಕ್ಕದ ಕಾಫಿ ಗುಂಪಿಗೆ ಹೋಯಿತು. ಹೋಟೆಲಿನವರು, ಕ್ಯಾಟರಿಂಗಿನವರು, ನಿವೃತ್ತರು, ಎಲ್ಲ ಸೇರುವ ಜಾಗ. ಒಬ್ಬರು ಅಂದರು: "ಆರು ತಿಂಗಳು ದಾಟಿದ್ದು ಕಟ್ಟಲೇಬೇಡಿ. ಕಾನೂನಲ್ಲೇ ಬಿದ್ದುಹೋಗುತ್ತೆ." ಇನ್ನೊಬ್ಬರು: "ಲೋಕ ಅದಾಲತ್ ಬರಲಿ. ಬೆಂಗಳೂರಲ್ಲಿ ಅರ್ಧಕ್ಕರ್ಧ ಬಿಟ್ಟರಲ್ಲ, ಇಲ್ಲೂ ಬಿಡ್ತಾರೆ."

ಎರಡೂ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಹಾಗಾಗಿ ಮುಲುಂಡಿನಲ್ಲಿರುವ ಪರಿಚಯದ ವಕೀಲರನ್ನು ಕೇಳಿದೆ. ಧಾರವಾಡದ ಕಡೆಯವರು, ನಿಧಾನಕ್ಕೆ ಬಿಡಿಸಿ ಹೇಳುತ್ತಾರೆ.

ಚಲನ್ ಅಂದರೆ ತೀರ್ಪಲ್ಲ, ಅಂದರು. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನ ಪ್ರಕಾರ ಅದು ರಾಜಿಯ ದಾರಿ. ಇಷ್ಟು ಕಟ್ಟಿದರೆ ವಿಷಯ ಇಲ್ಲಿಗೇ ಮುಗಿಯಿತು. ಆಗಿನ ಕ್ರಮದಲ್ಲಿ, ಕಟ್ಟದಿದ್ದರೆ ಪೊಲೀಸರು ಕೋರ್ಟಿಗೆ ಕಳಿಸಬೇಕಿತ್ತು. ತಪ್ಪು ಆಗಿದೆಯೋ ಇಲ್ಲವೋ ಎಂದು ಹೇಳುವುದು ಅಲ್ಲಿನ ಮ್ಯಾಜಿಸ್ಟ್ರೇಟರು. ಲಕ್ಷಗಟ್ಟಲೆ ಚಲನ್ ಕೋರ್ಟಿಗೆ ಹೋದರೆ ಕೋರ್ಟು ಬೇರೆ ಏನು ಮಾಡುವುದು? ಹಾಗಾಗಿ ಬಹಳಷ್ಟು ಹೋಗುತ್ತಲೇ ಇರಲಿಲ್ಲ.

ಕಂಡಿ ಬೀಳುವುದು ಇಲ್ಲೇ. ಬರೀ ದಂಡದ ಶಿಕ್ಷೆ ಇರುವ ಅಪರಾಧವನ್ನು ಆರು ತಿಂಗಳೊಳಗೆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ ಅದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 514ನೇ ಕಲಂ. ಕಾಫಿ ಗುಂಪಿನವರು ಇಲ್ಲಿಯವರೆಗೆ ಸರಿ. ಆದರೆ ಮುಂದಿನದ್ದು ಅವರಿಗೆ ಗೊತ್ತಿರಲಿಲ್ಲ. ಎಲ್ಲ ಟ್ರಾಫಿಕ್ ತಪ್ಪಿಗೂ ಬರೀ ದಂಡ ಇಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಜೈಲು ಇರುವುದರಿಂದ ಅವಧಿ ಒಂದು ವರ್ಷ. ಜೊತೆಗೆ, ತಡ ಆದದ್ದಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಅವಧಿಯನ್ನು ಹಿಗ್ಗಿಸಲೂಬಹುದು. 519ನೇ ಕಲಂ ನೋಡಿ.

"ನಮ್ಮ ಬೂದು, ಬಿಳಿ ಸ್ಕೂಟರಿನ 23ರಾಗ 16 ಆರು ತಿಂಗಳು ದಾಟ್ಯಾವಲ್ರೀ, ಅವನ್ನ ಬಿಡಬಹುದಾ?" ಅಂತ ಅವರ ಭಾಷೆಯಲ್ಲೇ ಕೇಳಿದೆ.

"ಬಿಡ್ರಿ, ಯಾರ್ ಬ್ಯಾಡ ಅಂದ್ರು. ಖರೇ ಅಂದ್ರ, ಕಾಯ್ದೆ ಬ್ಯಾರೆ, ಕಂಪ್ಯೂಟರ್ ಬ್ಯಾರೆ ನೋಡ್ರಿ. ಕೋರ್ಟಿನಾಗ ಸತ್ತಿದ್ದು ಕಂಪ್ಯೂಟರಿನಾಗ ಜೀವಂತ ಇರ್ತದ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಚಲನ್ ಬಾಕಿ ಇದ್ದಷ್ಟು ದಿನ ಗಾಡಿ ಮಾರಲು, ಹೆಸರು ಬದಲಿಸಲು ಹೋದಾಗ ಅದು ತಲೆಯೆತ್ತುತ್ತದೆ. ಕೋರ್ಟಿಗೆ ಹೋಗಿ ಅವಧಿ ಮುಗಿದಿದೆ ಎಂದು ವಾದಿಸಿ ಗೆಲ್ಲಬಹುದು. 500 ರೂಪಾಯಿಗೆ ಎಷ್ಟು ದಿನದ ವ್ಯಾಪಾರ ಬಿಡುವುದು? ಗಾಡಿ ಮಾರುವ ಯೋಚನೆಯೇ ಇಲ್ಲದವನಿಗೆ ಮಾತ್ರ ಈ ಕಂಡಿ ಲಾಭ. ಅವನು ನೆಮ್ಮದಿಯಾಗಿ ತೂರಿಕೊಂಡು ಹೋಗುತ್ತಾನೆ. ಗಾಡಿ ಹಾಳಾದಾಗ ಗುಜರಿಗೆ ಹಾಕುತ್ತಾನೆ, ಅಷ್ಟೆ.

ರಿಯಾಯಿತಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. 2022ರಲ್ಲಿ ತೆಲಂಗಾಣ ದ್ವಿಚಕ್ರ ವಾಹನಗಳ ದಂಡದಲ್ಲಿ ಮುಕ್ಕಾಲು ಪಾಲು ಬಿಟ್ಟಿತು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಅರ್ಧ ಬಿಟ್ಟಿತು. ಬೆಂಗಳೂರಿನಲ್ಲಿ ಒಂಬತ್ತು ದಿನದಲ್ಲಿ ಸುಮಾರು 120 ಕೋಟಿ ಬಂತೆಂದು ಎಲ್ಲರೂ ಬೆನ್ನು ತಟ್ಟಿಕೊಂಡರು. ಮತ್ತೆ ಮಾರ್ಚಿನಲ್ಲಿ ಬಿಟ್ಟರು. 2025ರ ಆಗಸ್ಟಿನಲ್ಲೂ ಬಿಟ್ಟರು. ಖಜಾನೆಗೆ ಹಣ ಬಂತು, ಸರಿ. ಆದರೆ ಸಮಯಕ್ಕೆ ಪೂರ್ತಿ ಕಟ್ಟಿದವನು ಪೆದ್ದ ಆದ. ಮಾವನಂಥವರು ಕಲಿತದ್ದೇನು? "ಕಾಯಿರಿ, ಸೇಲ್ ಬರುತ್ತೆ." ಕಾನೂನಿನ ಉಳಿದ ಕಂಡಿಗಳನ್ನು ಜನ ಹುಡುಕಿಕೊಂಡರು. ಇದನ್ನು ಸರ್ಕಾರವೇ ಕೊರೆದು ಕೊಟ್ಟಿತು.

ಮಾವ ಕಾದರು. ಡಿಸೆಂಬರ್ 14ಕ್ಕೆ ರಾಷ್ಟ್ರೀಯ ಲೋಕ ಅದಾಲತ್ ಇತ್ತು. ಈ ಸಲ ಮೆಸೇಜು ಮಾವನ ಸ್ವಂತ ಫೋನಿಗೇ ಬಂತು, ಅಷ್ಟರಲ್ಲಿ ನಂಬರು ಬದಲಿಸಿದ್ದೆವು. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಉದ್ದನೆಯ ಸಾಲು. ಹಿಂದಿನವರು, ಮುಂದಿನವರು ಎಲ್ಲ ಅರ್ಧದ ಲೆಕ್ಕ ಹಾಕಿಯೇ ನಿಂತಿದ್ದರು. ನಮ್ಮ ಸರದಿ ಬಂದಾಗ ಗೊತ್ತಾಯಿತು, ನಮ್ಮ ಚಲನ್‌ಗಳಿಗೆ ರಿಯಾಯಿತಿ ಇಲ್ಲ. ಕಟ್ಟುತ್ತೀರಾ, ಇಲ್ಲವಾ? ಲೋಕ ಅದಾಲತ್ತಿನಲ್ಲಿ ವಾದ ಇರುವುದಿಲ್ಲ, ಒಪ್ಪಿಗೆ ಮಾತ್ರ. ಒಪ್ಪಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ.

ಮಾವ ಎರಡು ನಿಮಿಷ ಯೋಚಿಸಿದರು. ಆರು ತಿಂಗಳ ಮಾತು ಎತ್ತಬೇಕೇ ಎಂದು ನನ್ನ ಮುಖ ನೋಡಿದರು. ಆಮೇಲೆ ಅವರೇ ಅಂದರು, "ಹೋಗ್ಲಿ ಬಿಡು. ಹೋದದ್ದು ನಮ್ಮ ಹುಡುಗರೇ, ನಮ್ಮ ಡಬ್ಬಿಗೇ." ಬೂದುವಿನ 10,000, ಬಿಳಿಯ 4,000 ಅಲ್ಲೇ ಕಟ್ಟಿದರು.

ಕೆಂಪು ಸ್ಕೂಟರ್ ಹುಡುಕಿಕೊಂಡು

ಕೆಂಪಿನದ್ದು ಕಟ್ಟಲು ಅವರು ಒಪ್ಪಲಿಲ್ಲ. ನಾನೂ ಬೇಡ ಅಂದೆ. ಯಾಕೆಂದರೆ ಅಲ್ಲಿ 18,000 ರೂಪಾಯಿಗಿಂತ ದೊಡ್ಡ ತಲೆನೋವು ಇತ್ತು. ಅದರ ವಿಮೆ 2021ರಲ್ಲೇ ಮುಗಿದಿತ್ತು, ಯಾರೂ ನವೀಕರಿಸಿರಲಿಲ್ಲ.

2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ ಮಾತನ್ನು ವಕೀಲರು ಮಾವನಿಗೆ ಬಿಡಿಸಿ ಹೇಳಿದ್ದರು. ಗಾಡಿ ಎಷ್ಟು ಕೈ ದಾಟಿದ್ದರೂ ಸರಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದು. ಅಂದರೆ ಆ ಕೆಂಪು ಸ್ಕೂಟರ್ ನಾಳೆ ಯಾರಿಗಾದರೂ ಗುದ್ದಿದರೆ, ವಿಮೆಯೂ ಇಲ್ಲದ ಕಾರಣ, ಪರಿಹಾರಕ್ಕೆ ಮಾವನ ಮನೆ ಬಾಗಿಲಿಗೇ ಬರುತ್ತಾರೆ. ಇದನ್ನು ಕೇಳಿದ ರಾತ್ರಿ ಮಾವ ಊಟ ಮಾಡಲಿಲ್ಲ ಎಂದು ಅತ್ತೆ ಹೇಳಿದರು.

ಕುರ್ಲಾದ ವ್ಯಾಪಾರಿಯ ಫೋನು ಸ್ವಿಚ್ ಆಫ್. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಉಳಿದದ್ದು ಚಲನಿನ ಫೋಟೊಗಳು ಮಾತ್ರ. ಅವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಹೆಚ್ಚಿನವು ಮುಂಬ್ರಾ, ಶಿಳ್ಫಾಟಾ ಕಡೆಯವು. ಒಂದರಲ್ಲಿ ಸ್ಕೂಟರಿನ ಹಿಂದೆ ಮೊಟ್ಟೆಯ ಟ್ರೇಗಳು ಆಳೆತ್ತರ ಕಟ್ಟಿದ್ದವು. ಮಡ್‌ಗಾರ್ಡಿನ ಮೇಲೆ ಮೊಟ್ಟೆ ಅಂಗಡಿಯ ಸ್ಟಿಕ್ಕರು, ಅರ್ಧ ಹರಿದದ್ದು. ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತಿತ್ತು.

ಒಂದು ಭಾನುವಾರ ನಾನು, ಮಾವ ಮುಂಬ್ರಾಕ್ಕೆ ಹೋದೆವು. ಸ್ಟೇಷನ್ನಿನಿಂದ ಹೊರಗೆ ಬಂದು ಮೂರನೆಯ ಮೊಟ್ಟೆ ಅಂಗಡಿಯಲ್ಲೇ ಸಿಕ್ಕಿತು. ಸ್ಕೂಟರ್ ಹೊರಗೇ ನಿಂತಿತ್ತು. ಮಾವ ಹೋಗಿ ಅದರ ಸೀಟಿನ ಮೇಲೆ ಕೈಯಿಟ್ಟರು. ಹಳೆ ನಾಯಿಯ ತಲೆ ಸವರಿದ ಹಾಗೆ.

ಓಡಿಸುತ್ತಿದ್ದವನು ಮೂವತ್ತರ ಆಸುಪಾಸಿನವನು. ಹಿಂದಿಯಲ್ಲಿ ಕೇಳಿದ, "ಆರ್‌ಸಿಯಲ್ಲಿ ಇರುವ ಹೆಸರು ನಿಮ್ಮದೇನಾ?" ಅವನ ಹತ್ತಿರ ಆರ್‌ಸಿಯ ಜೆರಾಕ್ಸ್ ಇತ್ತು. ಸ್ಕೂಟರನ್ನು ವ್ಯಾಪಾರಿಯಿಂದ ಯಾರೋ ಕೊಂಡಿದ್ದರು, ಅವರಿಂದ 2023ರ ಜೂನಿನಲ್ಲಿ ಇವನು 18,000ಕ್ಕೆ ಕೊಂಡಿದ್ದ. ಲೈಸೆನ್ಸ್ ಇರಲಿಲ್ಲ. ಒಂದು ಸಲ ಪೊಲೀಸರು ಹಿಡಿದಾಗ 5,000ದ ಚಲನ್ ಹಾಕಿ ಬಿಟ್ಟಿದ್ದರಂತೆ. "ಆಮೇಲೆ ಮೆಸೇಜು ಬರಲೇ ಇಲ್ಲ. ಮಾಫ್ ಆಯಿತು ಅಂದುಕೊಂಡೆ."

ಅವನು ಸುಳ್ಳು ಹೇಳಿದ ಅಂತ ನನಗೆ ಅನಿಸಲಿಲ್ಲ. ಅವನ ಮಟ್ಟಿಗೆ ದಂಡ ಅನ್ನುವುದೇ ಇರಲಿಲ್ಲ. ಎಲ್ಲವೂ ಮಾಟುಂಗಾದ ಫ್ರಿಜ್ ಮೇಲೆ ಬಂದು ಬೀಳುತ್ತಿತ್ತು. ಅತ್ತೆಯ ಫೋನು ಒಬ್ಬ ಅಪರಿಚಿತನನ್ನು ಕಾಪಾಡುತ್ತಿತ್ತು, ಅತ್ತೆಗೆ ತಿಳಿಯದೆ.

ಗಾಡಿ ಓಡಿಸಿದವರು ಯಾರು ಎಂದು ಮಾಲೀಕ ಹೇಳಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 133ನೇ ಕಲಂ. ಮಾವ ಬೇಕಿದ್ದರೆ ಇವನ ಹೆಸರು ಬರೆದು ಪೊಲೀಸರಿಗೆ ಕೊಡಬಹುದಿತ್ತು. ಆದರೆ ಗಾಡಿ ಮಾರಿದ ಸುದ್ದಿ ಆರ್‌ಟಿಒಗೆ ತಿಳಿಸದ ತಪ್ಪು ಮಾವನದ್ದೇ. ಎರಡೂ ಕಡೆ ಹುಳುಕು. ಟೀ ಅಂಗಡಿಯಲ್ಲಿ ಕೂತು ಲೆಕ್ಕ ಮಾಡಿದೆವು. ಇವನು ಕೊಳ್ಳುವ ಮುಂಚಿನ ಆರು ಚಲನ್, 3,000. ನಂತರದ ಒಂಬತ್ತು, 15,000. ಸ್ಕೂಟರಿಗೆ ಕೊಟ್ಟ ಹಣಕ್ಕೂ ದಂಡಕ್ಕೂ 3,000 ಮಾತ್ರ ವ್ಯತ್ಯಾಸ. ಅವನು ಬೀಗದ ಕೈ ಮೇಜಿನ ಮೇಲಿಟ್ಟ. "ಗಾಡಿ ತಗೊಂಡು ಹೋಗಿ ಚಾಚಾ."

ಮಾವ ಬೀಗದ ಕೈ ಮುಟ್ಟಲಿಲ್ಲ. ಮತ್ತೆ ಅರ್ಧ ಗಂಟೆ ಚೌಕಾಸಿ. ಮೊಟ್ಟೆಯಲ್ಲಿ ತೀರಿಸುತ್ತೇನೆ, ವಾರಕ್ಕೆ ಇಷ್ಟು ಟ್ರೇ ಕೊಡುತ್ತೇನೆ ಎಂದೂ ಕೇಳಿದ. ಮಾವನ ಅಡುಗೆಮನೆಗೆ ಈರುಳ್ಳಿ ಹೋಗುವುದೇ ಲೆಕ್ಕಾಚಾರದಲ್ಲಿ, ಇನ್ನು ಮೊಟ್ಟೆ ಎಲ್ಲಿಂದ! ಕೊನೆಗೆ ನಿಂತದ್ದು ಹೀಗೆ. ಹಳೆಯ 3,000 ಮಾವ ಕಟ್ಟುವುದು. ಲೈಸೆನ್ಸಿನ 5,000 ಅವನು ಆ ವಾರವೇ ಕಟ್ಟುವುದು. ಉಳಿದ 10,000 ಮಾವ ಈಗ ಕಟ್ಟಿ, ಅವನು ತಿಂಗಳಿಗೆ ಸಾವಿರದಂತೆ ವಾಪಸ್ ಕೊಡುವುದು. ವಿಮೆ, ಹೊಗೆ ತಪಾಸಣೆಯ ಪತ್ರ ಅವನ ಖರ್ಚು. ಅಲ್ಲಿಯವರೆಗೆ ಸ್ಕೂಟರ್ ಅಂಗಡಿ ಮುಂದೆಯೇ ನಿಲ್ಲಬೇಕು, ಲೈಸೆನ್ಸ್ ಬರುವ ತನಕ ಓಡಿಸುವಂತಿಲ್ಲ.

ಕಾಗದದ ಕೆಲಸ ಬೇಸರದ್ದು, ಉದ್ದ ಮಾಡುವುದಿಲ್ಲ. ಹೊಸ ನಮೂನೆ 29, 30, ಈ ಸಲ ಕೊಳ್ಳುವವನ ಹೆಸರು ತುಂಬಿದ ಮೇಲೆಯೇ ಮಾವನ ಸಹಿ. ಫೆಬ್ರವರಿ ಕೊನೆಗೆ ಹೆಸರು ಬದಲಾಯಿತು.

ಮಾವ 2021ರಲ್ಲಿ ಮಾಡಿದ ಹಾಗೆ ಈಗ ಮಾಡುವವರಿಗೆ ಒಂದು ಅನುಕೂಲ ಇದೆ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳು ಆರ್‌ಟಿಒದಲ್ಲಿ ನೋಂದಾಯಿಸಿಕೊಳ್ಳುವ ನಿಯಮ ಬಂದಿದೆ. ನೋಂದಾಯಿತ ವ್ಯಾಪಾರಿಗೆ ಗಾಡಿ ಒಪ್ಪಿಸಿ ಪೋರ್ಟಲಿನಲ್ಲಿ ತಿಳಿಸಿದರೆ, ಆಮೇಲಿನ ಹೊಣೆ ಅವನದ್ದು. ಬೀದಿಬದಿಯ ವ್ಯಾಪಾರಿ ಇನ್ನೂ ಖಾಲಿ ನಮೂನೆಗೇ ಸಹಿ ಕೇಳುತ್ತಾನೆ, ಐನೂರು ಜಾಸ್ತಿ ಕೊಡುತ್ತೇನೆ ಅನ್ನುತ್ತಾನೆ. ಕೇಂದ್ರ ನಿಯಮ ಆ ಐನೂರರ ಮುಂದೆ ಸೋಲುತ್ತದೆ.

ಆಮೇಲೆ

ಅಡುಗೆಮನೆಯಲ್ಲಿ ಮೊದಲು ಬದಲಾದದ್ದು ಗೋಡೆಯ ಮೊಳೆ. ಈಗ ಎರಡು ಮೊಳೆ, ಪಕ್ಕದಲ್ಲಿ ದಾರ ಕಟ್ಟಿದ ಪುಸ್ತಕ. ಬೀಗದ ಕೈ ತೆಗೆದವನು ಹೆಸರು, ಹೊತ್ತು ಬರೆಯಬೇಕು. ಹೆಲ್ಮೆಟ್ಟು ಅದೇ ಮೊಳೆಗೆ ನೇತುಹಾಕಿದ್ದಾರೆ, ಹೆಲ್ಮೆಟ್ಟು ತೆಗೆಯದೆ ಬೀಗದ ಕೈ ತೆಗೆಯಲು ಆಗದ ಹಾಗೆ. ಇದು ಅತ್ತೆಯ ಐಡಿಯಾ. ದಾದರ್‌ನ ಕಟ್ಟಡದವರ ಜೊತೆ ಮಾವ ಮಾತಾಡಿ ಬಂದರು. ಈಗ ವಾಚ್‌ಮನ್ ಹಸಿರು ಗೇಟಿನಲ್ಲೇ ಡಬ್ಬಿ ತೆಗೆದುಕೊಳ್ಳುತ್ತಾನೆ. ಹುಡುಗ ಗಾಡಿಯಿಂದ ಇಳಿಯುವುದೇ ಇಲ್ಲ. ವಾಚ್‌ಮನ್ನಿಗೆ ದಿನಾ ಒಂದು ಊಟ. ಎಂಟು ಚಲನಿನ 7,000 ಲೆಕ್ಕ ಹಾಕಿದರೆ ಅಗ್ಗವೇ.

2025ರ ಜುಲೈ ಮೊದಲ ವಾರ ಸಾಗಣೆದಾರರು ಇ-ಚಲನ್ ವಿರುದ್ಧ ರಾಜ್ಯದಲ್ಲಿ ಮುಷ್ಕರ ಹೂಡಿದಾಗ ಕಾಫಿ ಗುಂಪು ಮತ್ತೆ ಬಿಸಿಯಾಯಿತು. ಸರಕು ಇಳಿಸಲು ಜಾಗ ಕೊಡದೆ ನಿಲ್ಲಿಸಿದ್ದಕ್ಕೆ ದಂಡ ಹಾಕುತ್ತಾರೆ ಅನ್ನುವ ಅವರ ದೂರು ನಮ್ಮ ಹುಡುಗನದ್ದೇ ಮಾತು. ಮಾವ ಮಾತ್ರ ಯಾವ ಪಕ್ಷವನ್ನೂ ವಹಿಸಲಿಲ್ಲ. ಬೈಗುಳದ ನಡುವೆ ಒಂದೇ ಪ್ರಶ್ನೆ ಕೇಳಿದರಂತೆ: "ನಿಮ್ಮ ಗಾಡಿಗೆ ಯಾವ ಫೋನ್ ನಂಬರ್ ಕೊಟ್ಟಿದ್ದೀರಿ?" ಯಾರಿಗೂ ನೆನಪಿರಲಿಲ್ಲ.

ಮೊಟ್ಟೆಯವನು ನಾಲ್ಕು ತಿಂಗಳು ಸರಿಯಾಗಿ ಸಾವಿರ ಕಳಿಸಿದ. ಒಂದು ತಿಂಗಳು ತಪ್ಪಿಸಿದ, ಮುಂದಿನ ತಿಂಗಳು ಎರಡು ಸಾವಿರ ಹಾಕಿದ.

ಅದೇ ಜುಲೈ ಕೊನೆಗೆ ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಮಾವನ ಫೋನ್ ಗುಂಯ್ ಅಂತು. ಬಿಳಿ ಸ್ಕೂಟರ್, ಪರೇಲ್, ನೋ ಪಾರ್ಕಿಂಗ್, 1,500. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು, ಎದ್ದು ಹೋಗಿ ಪುಸ್ತಕ ನೋಡಿದರು, ಹುಡುಗನಿಗೆ ಫೋನ್ ಮಾಡಿದರು. ಅವನಿನ್ನೂ ಪರೇಲಿನಲ್ಲೇ ಇದ್ದ.

"ಎರಡೇ ನಿಮಿಷ ನಿಲ್ಸಿದ್ದು ಅಣ್ಣ."

"ಆಯ್ತು, ಮೊದಲು ಅಲ್ಲಿಂದ ತೆಗಿ" ಅಂದರು ಮಾವ.